ಮೊಸರಿನಲ್ಲಿ ಆಯುಸ್ಸು ಹುಡುಕಿದ ಮೆಚ್ನಿಕಾಫ್

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ಪಾಲಿಗೆ ಇಲ್ಯಾ ಮೆಚ್ನಿಕಾಫ್ ಅಂದರೆ ಒಂದು ಅಂಕದ ಹೆಸರು. ರೋಗಾಣುಗಳನ್ನು ನುಂಗುವ ಬಿಳಿ ರಕ್ತಕಣಗಳ ಕೆಲಸ ಕಂಡುಹಿಡಿದವರು ಯಾರು ಎಂದು ಕೇಳಿದರೆ ನಾಲ್ಕು ಆಯ್ಕೆಗಳಲ್ಲಿ ಅವರ ಹೆಸರಿಗೆ ಗುರುತು ಹಾಕಿ ಮುಂದಿನ ಪ್ರಶ್ನೆಗೆ ಹೋಗುತ್ತೇವೆ. 1908ರ ನೊಬೆಲ್ ಪ್ರಶಸ್ತಿ, ಪಾಲ್ ಎರ್ಲಿಕ್ ಅವರ ಜತೆ ಹಂಚಿಕೆ, ಇಷ್ಟು ನೆನಪಿದ್ದರೆ ಸಾಕು. ಬಿಎಸ್ಸಿಯಲ್ಲಿ ಮೈಕ್ರೋಬಯಾಲಜಿ ಓದಿದ ನನಗೂ ಆ ಹೆಸರಿನ ಪರಿಚಯ ಅಷ್ಟರದ್ದೇ ಆಗಿತ್ತು.

ಹೆಸರಿನ ಹಿಂದಿನ ಮನುಷ್ಯನ ಬಗ್ಗೆ ಓದುವಂತೆ ಮಾಡಿದ್ದು ನನ್ನ ಗೆಳೆಯನೊಬ್ಬನ ಹೊಟ್ಟೆ! ಬ್ಯಾಂಕ್ ಪರೀಕ್ಷೆಗೆ ತಯಾರಿ ಮಾಡಲೆಂದು ಮಂಗಳೂರಿಗೆ ಬಂದು ಪಿ.ಜಿ.ಯಲ್ಲಿದ್ದ ಅವನು, ಗಂಟಲು ನೋವು, ಶೀತ ಅಂದಾಗಲೆಲ್ಲ ವೈದ್ಯರ ಚೀಟಿ ಇಲ್ಲದೆ ಆ್ಯಂಟಿಬಯೋಟಿಕ್ ಮಾತ್ರೆ ಕೊಂಡು ನುಂಗುತ್ತಿದ್ದ. ಎರಡು ದಿನದಲ್ಲಿ ನೋವು ಇಳಿದರೆ ಉಳಿದ ಮಾತ್ರೆ ಬ್ಯಾಗಿನಲ್ಲೇ ಬಾಕಿ. ಒಂದು ಸಲ ಹೀಗೆ ಮಾತ್ರೆ ತಿಂದ ಮೇಲೆ ಶುರುವಾದ ಭೇದಿ ವಾರಗಟ್ಟಲೆ ನಿಲ್ಲಲಿಲ್ಲ. ವರ್ಷವಿಡೀ ಕಾದಿದ್ದ ಪರೀಕ್ಷೆಯ ದಿನ ಅರ್ಧದಲ್ಲೇ ಎದ್ದು ಹೊರಗೆ ಬರಬೇಕಾಯಿತು. ಕೊನೆಗೆ ಪರೀಕ್ಷಿಸಿದ ವೈದ್ಯರು, ಮಾತ್ರೆಗಳು ಕರುಳಿನಲ್ಲಿದ್ದ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಕೊಂದಿರುವುದರಿಂದ ಹೀಗಾಗಿದೆ ಎಂದು ತಿಳಿಸಿ ಹೇಳಿದರಂತೆ. ಔಷಧದ ಜತೆಗೆ ಕೆಲವು ದಿನ ಮನೆ ಊಟ ಮಾಡು ಎಂದರಂತೆ. ಅವನ ಊರು ದೂರ. ಹಾಗಾಗಿ ಬೋಳಾರದ ನಮ್ಮ ಮನೆಯಲ್ಲೇ ಉಳಿದ.

ಮಂಗಳೂರಿಗೆ ಹೆಸರು ಕೊಟ್ಟ ಮಂಗಳಾದೇವಿಯ ದೇವಸ್ಥಾನ ಇರುವ ಬೋಳಾರ ನೇತ್ರಾವತಿಯ ದಡದ ಊರು. ಒಂದು ಕಾಲಕ್ಕೆ ಹಂಚಿನ ಕಾರ್ಖಾನೆಗಳ ಚಿಮಣಿಗಳೇ ಈ ಕಡೆಯ ಗುರುತು. ನನ್ನ ಅಜ್ಜಿಯೂ ಹರೆಯದಲ್ಲಿ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ಕುಚ್ಚಲಕ್ಕಿ ಗಂಜಿ, ಉಪ್ಪುನೀರಿನಲ್ಲಿ ಹಾಕಿಟ್ಟ ಮಾವಿನಕಾಯಿ, ಮಜ್ಜಿಗೆ: ಇಷ್ಟರಲ್ಲೇ ಅವರ ಮಧ್ಯಾಹ್ನ ಮುಗಿಯುತ್ತಿತ್ತು. ಅಜ್ಜಿಗೆ ಬ್ಯಾಕ್ಟೀರಿಯಾ ಗೊತ್ತಿಲ್ಲ, ಹೆಪ್ಪು ಗೊತ್ತು. ಆಟಿ ತಿಂಗಳ ಮಳೆಗೆ ಮೊಸರು ಸರಿಯಾಗಿ ಕೂರದಿದ್ದರೆ ಪಾತ್ರೆಯನ್ನು ಒಲೆಯ ಹತ್ತಿರ ಇಡಬೇಕೆಂಬುದೂ ಗೊತ್ತು. ಗೆಳೆಯನಿಗೆ ಅಜ್ಜಿ ಬಡಿಸುತ್ತಿದ್ದ ಮಜ್ಜಿಗೆಗೆ ವಿಜ್ಞಾನದಲ್ಲಿ ಏನು ಆಧಾರವಿದೆ ಎಂದು ಹುಡುಕುತ್ತಾ ಹೋದಾಗ ಪ್ಯಾರಿಸ್‌ನ ಪ್ರಯೋಗಾಲಯದಲ್ಲಿ ದಿನವೂ ಹುಳಿ ಹಾಲು ಕುಡಿಯುತ್ತಿದ್ದ ಗಡ್ಡದ ವಿಜ್ಞಾನಿಯೊಬ್ಬರು ಎದುರಾದರು. ಅವರೇ ನನ್ನ ಒಂದು ಅಂಕದ ಮೆಚ್ನಿಕಾಫ್.

ಮನೆಗೆ ಮರಳಿದ ಹುಡುಗ

ಮೆಚ್ನಿಕಾಫ್ ಹುಟ್ಟಿದ್ದು 1845ರ ಮೇ ತಿಂಗಳಲ್ಲಿ, ಈಗ ಉಕ್ರೇನ್‌ನಲ್ಲಿರುವ ಖಾರ್ಕಿವ್ ನಗರದ ಹತ್ತಿರದ ಹಳ್ಳಿಯಲ್ಲಿ. ಅಂದು ಅದು ರಷ್ಯಾ ಸಾಮ್ರಾಜ್ಯದ ಭಾಗ. ತಂದೆ ಸೈನ್ಯದ ಅಧಿಕಾರಿ. ತಾಯಿ ಎಮಿಲಿಯಾ ಯಹೂದಿ ಮೂಲದ ಲೇಖಕರೊಬ್ಬರ ಮಗಳು. ಐವರು ಮಕ್ಕಳಲ್ಲಿ ಇಲ್ಯಾ ಕೊನೆಯವನು. ಗಿಡ, ಹುಳು, ಹುಪ್ಪಟೆಗಳ ಹಿಂದೆ ಅಲೆಯುವುದು ಅವನಿಗೆ ಚಿಕ್ಕಂದಿನಿಂದಲೇ ಅಂಟಿದ ಹುಚ್ಚು.

ಹದಿನೇಳರ ಹೊತ್ತಿಗೆ ಜರ್ಮನಿಯ ವ್ಯೂರ್ಟ್ಸ್‌ಬರ್ಗ್‌ನಲ್ಲಿ ಓದಬೇಕೆಂದು ಒಬ್ಬನೇ ಹೊರಟ. ಅಲ್ಲಿಗೆ ಹೋಗಿ ನೋಡಿದರೆ ತರಗತಿ ಶುರುವಾಗಲು ಇನ್ನೂ ದಿನಗಳಿದ್ದವು. ಗುರುತಿನವರಿಲ್ಲ, ಮಾತಾಡಿಸುವವರೂ ಇಲ್ಲ. ಒಂಟಿತನ ತಡೆಯಲಾಗದೆ ಮನೆಗೆ ವಾಪಸ್ ಬಂದ. ಬರುವಾಗ ಚೀಲದಲ್ಲಿ ಡಾರ್ವಿನ್ ಅವರ ಜೀವವಿಕಾಸದ ಪುಸ್ತಕವಿತ್ತು. ಊರು ಬಿಟ್ಟು ಪಿ.ಜಿ. ಸೇರಿದ ಮೊದಲ ವಾರದಲ್ಲೇ ಮನೆಯ ಬಸ್ ಹತ್ತಿದವರಿಗೆ ಈ ಸಂಕಟ ಹೇಳದೆಯೇ ಅರ್ಥವಾಗುತ್ತದೆ. ಆ ಹುಡುಗ ಅಲ್ಲಿಗೇ ನಿಲ್ಲಲಿಲ್ಲ. ಊರಿನ ಖಾರ್ಕಿವ್ ವಿಶ್ವವಿದ್ಯಾಲಯಕ್ಕೇ ಸೇರಿ, ನಾಲ್ಕು ವರ್ಷದ ಪದವಿಯನ್ನು ಎರಡೇ ವರ್ಷದಲ್ಲಿ ಮುಗಿಸಿದ.

ಆಮೇಲೆ ಮತ್ತೆ ಜರ್ಮನಿ, ನಂತರ ಇಟಲಿ. ನಮ್ಮ ಪಕ್ಕದ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಹಂಚಿನ ಕಾರ್ಖಾನೆ ಶುರುವಾದ 1865ರಲ್ಲೇ ಈ ಯುವಕ ಗೀಸೆನ್ ಎಂಬ ಊರಿನಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂತು, ಒಂದು ಜಾತಿಯ ಚಪ್ಪಟೆ ಹುಳುವಿನ ಜೀವಕೋಶಗಳು ಆಹಾರದ ಕಣಗಳನ್ನು ತಮ್ಮೊಳಗೇ ಎಳೆದುಕೊಂಡು ಜೀರ್ಣಿಸುವುದನ್ನು ಕಂಡ. ಅಂದು ಅದಕ್ಕೆ ಯಾರೂ ದೊಡ್ಡ ಬೆಲೆ ಕೊಡಲಿಲ್ಲ. ಅಲ್ಲಿನ ಪ್ರಾಧ್ಯಾಪಕರು ಬೇರೊಂದು ಸಂಶೋಧನೆಯನ್ನು ತಮ್ಮ ಹೆಸರಲ್ಲೇ ಪ್ರಕಟಿಸಿದರೆಂದು ಅವರೊಂದಿಗೆ ಜಗಳವೂ ಆಯಿತು.

22ನೇ ವಯಸ್ಸಿಗೆ ಮೆಚ್ನಿಕಾಫ್ ಒಡೆಸ್ಸಾ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾದರು. ಕೆಲವು ವಿದ್ಯಾರ್ಥಿಗಳು ಅವರಿಗಿಂತ ವಯಸ್ಸಿನಲ್ಲಿ ಹಿರಿಯರು! ಸೇಂಟ್ ಪೀಟರ್ಸ್‌ಬರ್ಗ್‌ನ ವೈದ್ಯಕೀಯ ಅಕಾಡೆಮಿಯಲ್ಲಿ ಪ್ರಾಧ್ಯಾಪಕ ಹುದ್ದೆಗೆ ಅವರ ಹೆಸರು ಬಂದಾಗ ಮತದಾನದಲ್ಲಿ ಸೋಲಾಯಿತು. ಅರ್ಹತೆ ಇದ್ದರೂ ಅಂತಿಮ ಪಟ್ಟಿಯಲ್ಲಿ ಹೆಸರಿಲ್ಲ ಎಂಬ ನೋವು ನಮ್ಮ ಕಾಲದ್ದು ಮಾತ್ರವಲ್ಲ ನೋಡಿ.

ಕತ್ತಲು ಕವಿದ ವರ್ಷಗಳು

1869ರಲ್ಲಿ ಅವರು ಲುಡ್ಮಿಲಾ ಎಂಬವರನ್ನು ಮದುವೆಯಾದರು. ಮದುಮಗಳಿಗೆ ಆಗಲೇ ಕ್ಷಯರೋಗ. ನಡೆಯಲಾಗದ ಆಕೆಯನ್ನು ಕುರ್ಚಿಯಲ್ಲಿ ಕೂರಿಸಿ ಚರ್ಚಿಗೆ ಹೊತ್ತು ತರಬೇಕಾಯಿತು. ಹೆಂಡತಿಯ ಆರೈಕೆಗಾಗಿ ಮೆಚ್ನಿಕಾಫ್ ಹಗಲಿರುಳು ದುಡಿದರು. ಕಣ್ಣು ಮಂಜಾಗುವಷ್ಟು ಸೂಕ್ಷ್ಮದರ್ಶಕಕ್ಕೆ ಅಂಟಿಕೂತರು. ಬೆಚ್ಚನೆಯ ಹವೆ ಒಳ್ಳೆಯದೆಂದು ಆಕೆಯನ್ನು ದೂರದ ಮಡೀರಾ ದ್ವೀಪಕ್ಕೆ ಕರೆದೊಯ್ದರು. ಆದರೂ 1873ರ ಏಪ್ರಿಲ್‌ನಲ್ಲಿ ಆಕೆ ಅಲ್ಲೇ ತೀರಿಕೊಂಡರು. ಆಗ ಮೆಚ್ನಿಕಾಫ್ ಅವರಿಗೆ 28 ಕೂಡ ತುಂಬಿರಲಿಲ್ಲ. ಬದುಕೇ ಬೇಡವೆನಿಸಿ ಪ್ರಾಣ ಕಳೆದುಕೊಳ್ಳಲು ಮುಂದಾದರು, ಬದುಕುಳಿದರು.

ಅದೇ ದಿನಗಳಲ್ಲಿ ಜಿನೀವಾದ ಸೇತುವೆಯ ಮೇಲೆ ದೀಪದ ಸುತ್ತ ಮುತ್ತಿದ್ದ ಕೀಟಗಳ ಹಿಂಡು ಅವರ ಕಣ್ಣಿಗೆ ಬಿತ್ತು. ಕೆಲವೇ ಗಂಟೆ ಬದುಕುವ, ಏನನ್ನೂ ತಿನ್ನದ ಇಂಥ ಜೀವಿಗೆ ಡಾರ್ವಿನ್ ಹೇಳಿದ ನೈಸರ್ಗಿಕ ಆಯ್ಕೆ ಹೇಗೆ ಅನ್ವಯಿಸುತ್ತದೆ ಎಂಬ ಪ್ರಶ್ನೆ ಮನಸ್ಸಿಗೆ ಬಂತು. ಆ ಪ್ರಶ್ನೆ ಅವರನ್ನು ಮತ್ತೆ ಕೆಲಸದ ಕಡೆ ತಿರುಗಿಸಿತು.

ಎರಡು ವರ್ಷದ ಬಳಿಕ ಓಲ್ಗಾ ಎಂಬ ವಿದ್ಯಾರ್ಥಿನಿಯನ್ನು ಮದುವೆಯಾದರು. ಆಕೆಗೆ ಟೈಫಾಯ್ಡ್ ಬಂದು ಸಾವಿನ ಅಂಚಿಗೆ ಹೋದರು. ವಿಶ್ವವಿದ್ಯಾಲಯದಲ್ಲಿ ರಾಜಕೀಯದ ಕಾಟ ಬೇರೆ. ಮೆಚ್ನಿಕಾಫ್ ಮತ್ತೆ ಕುಸಿದರು. ಮರುಕಳಿಸುವ ಜ್ವರದ ರೋಗಿಯ ರಕ್ತವನ್ನು ತಮಗೇ ಚುಚ್ಚಿಕೊಂಡರು. ರೋಗ ರಕ್ತದಿಂದ ಹರಡುತ್ತದೆಯೇ ಎಂಬ ಪ್ರಯೋಗವೂ ಅದಾಗಿತ್ತು, ಬದುಕಿನ ಮೇಲಿನ ಜಿಗುಪ್ಸೆಯೂ ಅದರಲ್ಲಿತ್ತು. ತೀವ್ರವಾಗಿ ನರಳಿ ಚೇತರಿಸಿಕೊಂಡ ಮೇಲೆ ಅವರಿಗೆ ಬದುಕಿನ ಮೇಲೆ ಹೊಸ ಆಸೆ ಹುಟ್ಟಿತೆಂದು ಓಲ್ಗಾ ಮುಂದೆ ಬರೆದ ಜೀವನಚರಿತ್ರೆ ತಿಳಿಸುತ್ತದೆ.

ಈ ಭಾಗವನ್ನು ಬಿಟ್ಟು ಬರೆಯಬಹುದಿತ್ತು. ಆದರೆ ಫಲಿತಾಂಶದ ದಿನ, ನೇಮಕಾತಿ ರದ್ದಾದ ದಿನ ನಮ್ಮಲ್ಲಿ ಎಷ್ಟೋ ಮಂದಿ ಇದೇ ಕತ್ತಲಿನಲ್ಲಿ ನಿಂತಿರುತ್ತಾರೆ. ಆ ಹೊತ್ತಿನಲ್ಲಿ ಜಗತ್ತಿಗೆ ತನ್ನಿಂದೇನೂ ಆಗದು ಅನ್ನಿಸುವುದು ಸಹಜ, ಆದರೆ ಅದು ನಿಜವಲ್ಲ. ಮೆಚ್ನಿಕಾಫ್ ಅವರ ಹೆಸರು ನಮ್ಮ ಪಠ್ಯಪುಸ್ತಕಕ್ಕೆ ಬರಲು ಕಾರಣವಾದ ಕೆಲಸವೆಲ್ಲ ನಡೆದದ್ದು ಈ ಎರಡು ಕುಸಿತಗಳ ನಂತರವೇ. ಅವರ ಕಾಲದಲ್ಲಿ ಇಲ್ಲದ ಒಂದು ಸೌಕರ್ಯ ನಮಗಿದೆ: ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416. ಕನ್ನಡದಲ್ಲೇ ಮಾತಾಡಬಹುದು.

ನಕ್ಷತ್ರ ಮೀನು, ಗುಲಾಬಿ ಮುಳ್ಳು

1882ರಲ್ಲಿ ಒಡೆಸ್ಸಾದ ಹುದ್ದೆಗೆ ರಾಜೀನಾಮೆ ಕೊಟ್ಟು ಅವರು ಕುಟುಂಬದೊಂದಿಗೆ ಇಟಲಿಯ ಸಿಸಿಲಿ ದ್ವೀಪದ ಮೆಸ್ಸಿನಾಕ್ಕೆ ಹೋದರು. ಕೈಯಲ್ಲಿ ಕೆಲಸವಿಲ್ಲ. ಮನೆಯ ಕೋಣೆಯೇ ಪ್ರಯೋಗಾಲಯ. ಒಂದು ದಿನ ಮನೆಯವರೆಲ್ಲ ಸರ್ಕಸ್ ನೋಡಲು ಹೋಗಿದ್ದರು. ಒಬ್ಬರೇ ಕೂತು ನಕ್ಷತ್ರ ಮೀನಿನ ಮರಿಯನ್ನು ನೋಡುತ್ತಿದ್ದರು. ಗಾಜಿನಂತೆ ಪಾರದರ್ಶಕವಾದ ಆ ಮರಿಯ ಒಳಗೆ ಅಲೆದಾಡುವ ಕೋಶಗಳು ಕಾಣುತ್ತಿದ್ದವು. ಇವು ಹೊರಗಿನಿಂದ ನುಗ್ಗಿದ ಶತ್ರುವನ್ನು ಎದುರಿಸುವ ಕಾವಲುಗಾರರು ಏಕಾಗಿರಬಾರದು ಎಂಬ ಆಲೋಚನೆ ಫಕ್ಕನೆ ಹೊಳೆಯಿತು. ತೋಟದ ಗುಲಾಬಿ ಗಿಡದಿಂದ ಮುಳ್ಳು ತಂದು ಮರಿಯ ಚರ್ಮದೊಳಗೆ ಚುಚ್ಚಿದರು. ಬೆಳಗ್ಗೆ ನೋಡಿದರೆ ಮುಳ್ಳಿನ ಸುತ್ತ ಕೋಶಗಳು ಮುತ್ತಿಕೊಂಡಿದ್ದವು.

ನಮ್ಮ ಕಾಲಿಗೆ ಮುಳ್ಳು ಹೊಕ್ಕು ಕೀವಾದಾಗ ನಡೆಯುವುದೂ ಇದೇ ಎಂದು ಅವರು ವಾದಿಸಿದರು. ಬಿಳಿ ರಕ್ತಕಣಗಳು ರೋಗಾಣುಗಳನ್ನು ನುಂಗಿ ಜೀರ್ಣಿಸುತ್ತವೆ. ಹದಿನೇಳು ವರ್ಷಗಳ ಹಿಂದೆ ಚಪ್ಪಟೆ ಹುಳುವಿನಲ್ಲಿ ಕಂಡದ್ದು ಇಲ್ಲಿ ಉಪಯೋಗಕ್ಕೆ ಬಂತು. ಈ ಕೋಶಗಳಿಗೆ ಫ್ಯಾಗೊಸೈಟ್, ಅಂದರೆ ಭಕ್ಷಕ ಕೋಶ ಎಂಬ ಹೆಸರು ಬಂತು. ರಕ್ಷಣೆ ಮಾಡುವುದು ಕೋಶಗಳಲ್ಲ, ರಕ್ತದ್ರವದಲ್ಲಿರುವ ವಸ್ತುಗಳು ಎಂದು ಜರ್ಮನಿಯ ವಿಜ್ಞಾನಿಗಳು ಇಪ್ಪತ್ತೈದು ವರ್ಷ ವಾದ ಮಾಡಿದರು. ಎರಡೂ ಸರಿ ಎಂದು ಈಗ ಗೊತ್ತಿದೆ. 1908ರ ನೊಬೆಲ್ ಎರಡೂ ಪಕ್ಷದವರಿಗೆ ಸೇರಿ ಬಂದದ್ದು ಅದಕ್ಕೇ.

ನಡುವೆ ಒಡೆಸ್ಸಾಕ್ಕೆ ಮರಳಿ ಅಲ್ಲಿನ ಬ್ಯಾಕ್ಟೀರಿಯಾ ಸಂಶೋಧನಾ ಕೇಂದ್ರದ ನಿರ್ದೇಶಕರಾದರು. ಕೇಂದ್ರದ ಆಂಥ್ರಾಕ್ಸ್ ಲಸಿಕೆ ಹಾಕಿದ ಸಾವಿರಾರು ಕುರಿಗಳು ಸತ್ತಾಗ ದೊಡ್ಡ ಗದ್ದಲವಾಯಿತು. ವೈದ್ಯರಲ್ಲದವರು ಈ ಕೆಲಸಕ್ಕೆ ಏಕೆ ಎಂದು ಸ್ಥಳೀಯರು ಮೊದಲೇ ಗೊಣಗುತ್ತಿದ್ದರು. 1888ರಲ್ಲಿ ಅವರು ಊರು ಬಿಟ್ಟರು. ಪ್ಯಾರಿಸ್‌ನಲ್ಲಿ ಹೊಸದಾಗಿ ತೆರೆಯಲಿದ್ದ ಸಂಸ್ಥೆಯಲ್ಲಿ ಲೂಯಿ ಪಾಶ್ಚರ್ ಅವರಿಗೊಂದು ಪ್ರಯೋಗಾಲಯ ಕೊಟ್ಟರು. ಸಂಬಳ ಪಡೆಯದೆ, ಸಾಯುವವರೆಗೆ ಇಪ್ಪತ್ತೆಂಟು ವರ್ಷ ಅಲ್ಲೇ ದುಡಿದರು.

ಒಡೆಸ್ಸಾದಲ್ಲಿ ಅವರ ವಿದ್ಯಾರ್ಥಿಯಾಗಿದ್ದ ವಾಲ್ಡೆಮಾರ್ ಹಾಫ್‌ಕಿನ್ ಕೂಡ ಪ್ಯಾರಿಸ್‌ಗೆ ಬಂದರು. ಮುಂದೆ ಭಾರತಕ್ಕೆ ಬಂದು, ಮುಂಬಯಿಯಲ್ಲಿ ಪ್ಲೇಗ್ ಲಸಿಕೆ ತಯಾರಿಸಿ, 1897ರ ಜನವರಿ 10ರಂದು ಮೊದಲು ತಮಗೇ ಚುಚ್ಚಿಕೊಂಡವರು ಇವರೇ. ಮರುವರ್ಷ ಪ್ಲೇಗ್ ಹುಬ್ಬಳ್ಳಿ, ಧಾರವಾಡಕ್ಕೆ ನುಗ್ಗಿದಾಗ ನಮ್ಮ ಜನರ ತೋಳಿಗೆ ಬಿದ್ದದ್ದು ಇದೇ ಲಸಿಕೆ. ಮೆಚ್ನಿಕಾಫ್ ಕರ್ನಾಟಕಕ್ಕೆ ಬರಲಿಲ್ಲ, ಅವರ ಶಿಷ್ಯನ ಕೆಲಸ ಬಂತು.

ಕಾಲರಾದಿಂದ ಮೊಸರಿಗೆ

ಕರುಳಿನ ಬ್ಯಾಕ್ಟೀರಿಯಾಗಳ ಕಡೆ ಮೆಚ್ನಿಕಾಫ್ ತಿರುಗಿದ್ದು ಕಾಲರಾದಿಂದಾಗಿ. 1892ರ ಸುಮಾರಿಗೆ ಫ್ರಾನ್ಸಿನಲ್ಲಿ ಕಾಲರಾ ಕಾಣಿಸಿಕೊಂಡಿತ್ತು. ಒಂದೇ ನೀರು ಕುಡಿದವರಲ್ಲಿ ಕೆಲವರಿಗೆ ಮಾತ್ರ ರೋಗ ಬರುವುದೇಕೆ ಎಂಬುದು ಅವರ ಪ್ರಶ್ನೆ. ಉತ್ತರಕ್ಕಾಗಿ ಕಾಲರಾ ರೋಗಾಣುಗಳನ್ನು ತಾವೇ ಕುಡಿದರು. ಏನೂ ಆಗಲಿಲ್ಲ. ಸ್ವಯಂಪ್ರೇರಣೆಯಿಂದ ಕುಡಿದ ಇನ್ನೊಬ್ಬರಿಗೂ ಏನೂ ಆಗಲಿಲ್ಲ. ಮತ್ತೊಬ್ಬರು ಸಾವಿನ ಬಾಗಿಲಿಗೆ ಹೋಗಿ ಬಂದರು. ಇಂದು ಯಾವ ನೈತಿಕ ಸಮಿತಿಯೂ ಒಪ್ಪದ ಪ್ರಯೋಗವಿದು. ಬಳಿಕ ಪ್ರಯೋಗಾಲಯದ ತಟ್ಟೆಗಳಲ್ಲಿ ಕಾಲರಾ ರೋಗಾಣುವನ್ನು ಬೇರೆ ಬೇರೆ ಬ್ಯಾಕ್ಟೀರಿಯಾಗಳ ಜತೆ ಬೆಳೆಸಿದರು. ಕೆಲವು ಬ್ಯಾಕ್ಟೀರಿಯಾಗಳು ಅದು ಬೆಳೆಯಲು ನೆರವಾದವು, ಕೆಲವು ತಡೆದವು. ಹಾಗಾದರೆ ನಮ್ಮ ಕರುಳಿನಲ್ಲಿ ಮೊದಲೇ ಯಾರು ವಾಸವಾಗಿದ್ದಾರೆ ಎಂಬುದರ ಮೇಲೆ ನಮ್ಮ ಆರೋಗ್ಯ ನಿಂತಿದೆ!

ಸೂಕ್ಷ್ಮಾಣು ಎಂದರೆ ಶತ್ರು ಎಂದು ಜಗತ್ತು ಆಗಷ್ಟೇ ಕಲಿಯುತ್ತಿದ್ದ ಕಾಲವದು. ಅಂಥ ಹೊತ್ತಿನಲ್ಲಿ, ಸೂಕ್ಷ್ಮಾಣುಗಳಲ್ಲೇ ಮಿತ್ರರೂ ಇದ್ದಾರೆ, ಅವರನ್ನು ಬೇಕೆಂದೇ ಒಳಗೆ ಕರೆದುಕೊಳ್ಳಬಹುದು ಎಂದು ಹೇಳಿದ್ದು ಅವರ ದೊಡ್ಡತನ. ಅದೇ ಸಂಸ್ಥೆಯಲ್ಲಿ ಆನ್ರಿ ಟಿಸಿಯೆ ಎಂಬ ವೈದ್ಯರು ಎದೆಹಾಲು ಕುಡಿಯುವ ಶಿಶುಗಳ ಮಲದಲ್ಲಿ ಬಿಫಿಡೊ ಬ್ಯಾಕ್ಟೀರಿಯಾವನ್ನು ಆಗಲೇ ಗುರುತಿಸಿದ್ದರು.

ಮೆಚ್ನಿಕಾಫ್ ಇನ್ನೂ ಮುಂದೆ ಹೋದರು. ದೊಡ್ಡ ಕರುಳಿನಲ್ಲಿ ಆಹಾರ ಕೊಳೆಸುವ ಬ್ಯಾಕ್ಟೀರಿಯಾಗಳು ವಿಷ ಹುಟ್ಟಿಸುತ್ತವೆ, ಆ ವಿಷವೇ ನಮ್ಮನ್ನು ಬೇಗ ಮುದುಕರನ್ನಾಗಿಸುತ್ತದೆ ಎಂದು ತರ್ಕಿಸಿದರು. ಹುಳಿಯಾದ ಹಾಲು ಕೊಳೆಯುವುದಿಲ್ಲ. ಅದರಲ್ಲಿರುವ ಲ್ಯಾಕ್ಟಿಕ್ ಆಮ್ಲ ಕೊಳೆಸುವ ಬ್ಯಾಕ್ಟೀರಿಯಾಗಳನ್ನು ಬೆಳೆಯಲು ಬಿಡುವುದಿಲ್ಲ. ಹಾಗಾದರೆ ಆ ಆಮ್ಲ ಮಾಡುವ ಬ್ಯಾಕ್ಟೀರಿಯಾವನ್ನೇ ಕರುಳಿಗೆ ಕಳಿಸಿದರೆ? ಬಲ್ಗೇರಿಯಾದ ಹಳ್ಳಿಗರು ಮೊಸರು ತಿಂದು ನೂರು ವರ್ಷ ಬಾಳುತ್ತಾರೆ ಎಂಬ ಸುದ್ದಿಯೂ ಅವರ ಕಿವಿಗೆ ಬಿದ್ದಿತ್ತು. 1905ರಲ್ಲಿ ಸ್ಟಾಮೆನ್ ಗ್ರಿಗೊರೊವ್ ಎಂಬ ಬಲ್ಗೇರಿಯಾದ ವೈದ್ಯಕೀಯ ವಿದ್ಯಾರ್ಥಿ ಜಿನೀವಾದಲ್ಲಿ ಆ ಮೊಸರಿನ ಬ್ಯಾಕ್ಟೀರಿಯಾವನ್ನು ಪತ್ತೆ ಮಾಡಿದ. ಇಂದು ಅದನ್ನು ಲ್ಯಾಕ್ಟೋಬ್ಯಾಸಿಲಸ್ ಬಲ್ಗಾರಿಕಸ್ ಎಂದು ಓದುತ್ತೇವೆ.

1904ರಲ್ಲಿ ಮುಪ್ಪಿನ ಬಗ್ಗೆ ಮೆಚ್ನಿಕಾಫ್ ಪ್ಯಾರಿಸ್‌ನಲ್ಲಿ ಮಾಡಿದ ಉಪನ್ಯಾಸ ಪತ್ರಿಕೆಗಳಲ್ಲಿ ಬಂದದ್ದೇ ತಡ, ಮೊಸರಿಗೆ ಜನ ಮುಗಿಬಿದ್ದರು. ಮೊಸರಿನ ಬ್ಯಾಕ್ಟೀರಿಯಾದ ಪುಡಿ, ಮಾತ್ರೆಗಳು ಔಷಧದ ಅಂಗಡಿಗೆ ಬಂದವು. ಹುಳಿ ಹಾಲು ಮುಪ್ಪನ್ನು ತಡೆಯುವ ಸಂಜೀವಿನಿ ಎಂದು ತಾನು ಹೇಳಿಲ್ಲ ಎಂದು ಅವರು ಸ್ಪಷ್ಟನೆ ಕೊಡಬೇಕಾಯಿತು. ಜಾಹೀರಾತು ವಿಜ್ಞಾನಕ್ಕಿಂತ ಮುಂದೆ ಓಡುವುದು ಅಂದಿನಿಂದ ಇಂದಿನವರೆಗೂ ನಿಂತಿಲ್ಲ.

ಸರಿ ಎಷ್ಟು, ತಪ್ಪು ಎಷ್ಟು?

ಮನುಷ್ಯ ನೂರು ದಾಟಿ ಬಾಳಬಲ್ಲ ಎಂದ ಮೆಚ್ನಿಕಾಫ್ 1916ರ ಜುಲೈ 15ರಂದು, 71ನೇ ವಯಸ್ಸಿನಲ್ಲಿ ಹೃದಯದ ತೊಂದರೆಯಿಂದ ತೀರಿಕೊಂಡರು. ತನ್ನ ಶವಪರೀಕ್ಷೆ ಮಾಡಿ ಕರುಳನ್ನು ಗಮನವಿಟ್ಟು ನೋಡಬೇಕೆಂದು ವೈದ್ಯ ಸಹೋದ್ಯೋಗಿಗೆ ಮೊದಲೇ ತಿಳಿಸಿದ್ದರು. ಸತ್ತ ಮೇಲೂ ತನ್ನ ವಾದವನ್ನು ಪರೀಕ್ಷೆಗೆ ಒಡ್ಡಿದ ಮನುಷ್ಯ!

ಅವರ ಕೆಲವು ಮಾತು ನಿಲ್ಲಲಿಲ್ಲ. ಅವರು ನೆಚ್ಚಿದ್ದ ಬಲ್ಗಾರಿಕಸ್ ಮನುಷ್ಯನ ಕರುಳಿನಲ್ಲಿ ಮನೆ ಮಾಡಿಕೊಳ್ಳುವುದಿಲ್ಲ ಎಂದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 1920ರ ದಶಕದ ಆರಂಭದಲ್ಲೇ ತೋರಿಸಿದರು. ಮೊಸರಿನ ಬ್ಯಾಕ್ಟೀರಿಯಾಗಳು ಕರುಳಿಗೆ ಮನೆಯವರಲ್ಲ, ನೆಂಟರು. ಬಂದು, ಲ್ಯಾಕ್ಟೋಸ್ ಎಂಬ ಹಾಲಿನ ಸಕ್ಕರೆಯನ್ನು ಜೀರ್ಣಿಸಲು ಒಂದಿಷ್ಟು ಕೈಜೋಡಿಸಿ ಹೊರಟುಹೋಗುತ್ತವೆ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವ ಹಲವರಿಗೆ ಮೊಸರು ತಿಂದರೆ ಹಾಗಾಗದಿರುವುದು ಇದರಿಂದಲೇ. ದೊಡ್ಡ ಕರುಳು ಬರೀ ವಿಷದ ಚೀಲ ಎಂಬುದೂ ಸುಳ್ಳಾಯಿತು. ಸೋಂಕಿನ ಭಯಕ್ಕೆ ಮೆಚ್ನಿಕಾಫ್ ಹಸಿ ತರಕಾರಿ ಮುಟ್ಟುತ್ತಿರಲಿಲ್ಲ. ಆದರೆ ಕರುಳಿನ ಮಿತ್ರರಿಗೆ ಬೇಕಾದ ಮುಖ್ಯ ಆಹಾರವೇ ತರಕಾರಿ, ಕಾಳು, ಧಾನ್ಯಗಳ ನಾರಿನಂಶ ಎಂದು ಈಗ ತಿಳಿದಿದೆ.

ಈ ಮಿತ್ರರ ಲೆಕ್ಕ ಕೇಳಿದರೆ ತಲೆ ತಿರುಗುತ್ತದೆ. 2016ರಲ್ಲಿ ಪ್ರಕಟವಾದ ಅಂದಾಜಿನಂತೆ 70 ಕಿಲೋ ತೂಕದ ಗಂಡಸಿನ ದೇಹದಲ್ಲಿ ಅವನದೇ ಜೀವಕೋಶಗಳು ಸುಮಾರು 30 ಲಕ್ಷ ಕೋಟಿ, ಬ್ಯಾಕ್ಟೀರಿಯಾಗಳು ಸುಮಾರು 38 ಲಕ್ಷ ಕೋಟಿ. ಎಲ್ಲ ಬ್ಯಾಕ್ಟೀರಿಯಾ ಸೇರಿದರೂ ತೂಕ ಸುಮಾರು 200 ಗ್ರಾಂ. ಹೆಚ್ಚಿನವು ದೊಡ್ಡ ಕರುಳಿನಲ್ಲಿವೆ. ನಮ್ಮಿಂದ ಜೀರ್ಣವಾಗದ ನಾರನ್ನು ಅವು ಹುದುಗಿಸಿ ಬ್ಯುಟಿರೇಟ್‌ನಂಥ ಕೊಬ್ಬಿನಾಮ್ಲಗಳನ್ನು ಮಾಡುತ್ತವೆ. ದೊಡ್ಡ ಕರುಳಿನ ಒಳಪದರದ ಕೋಶಗಳಿಗೆ ಬಹುಪಾಲು ಶಕ್ತಿ ಸಿಗುವುದು ಈ ಬ್ಯುಟಿರೇಟ್‌ನಿಂದ. ವಿಟಮಿನ್ ಕೆ ಮತ್ತು ಕೆಲವು ಬಿ ವಿಟಮಿನ್‌ಗಳನ್ನೂ ತಯಾರಿಸುತ್ತವೆ. ಜಾಗವನ್ನೂ ಆಹಾರವನ್ನೂ ಮೊದಲೇ ಹಿಡಿದುಕೊಂಡು ರೋಗಾಣುಗಳಿಗೆ ಕಾಲೂರಲು ಬಿಡುವುದಿಲ್ಲ. ಒಂದೂ ಸೂಕ್ಷ್ಮಾಣು ಇಲ್ಲದಂತೆ ಬೆಳೆಸಿದ ಪ್ರಯೋಗಾಲಯದ ಇಲಿಗಳಲ್ಲಿ ರೋಗನಿರೋಧಕ ವ್ಯವಸ್ಥೆಯೇ ಪೂರ್ತಿ ಬಲಿಯುವುದಿಲ್ಲ. ಮೆಚ್ನಿಕಾಫ್ ಕಂಡುಹಿಡಿದ ಎರಡು ಸಂಗತಿಗಳು, ಕಾವಲು ಕಾಯುವ ಕೋಶ ಮತ್ತು ಕರುಳಿನ ಮಿತ್ರ, ಇಲ್ಲಿ ಕೈಕುಲುಕುತ್ತವೆ.

ಆ್ಯಂಟಿಬಯೋಟಿಕ್ ಈ ಮಿತ್ರರನ್ನು ಕೊಂದಾಗ ಖಾಲಿಯಾದ ಜಾಗದಲ್ಲಿ ಕ್ಲಾಸ್ಟ್ರಿಡಿಯಂ ಡಿಫಿಸಿಲ್ ಎಂಬ ರೋಗಾಣು ಬೆಳೆದು ಬಿಡದ ಭೇದಿ ತರುವುದುಂಟು. 2013ರಲ್ಲಿ ಪ್ರಕಟವಾದ ನೆದರ್‌ಲೆಂಡ್ಸ್‌ನ ಪ್ರಯೋಗವೊಂದರಲ್ಲಿ, ಆರೋಗ್ಯವಂತರ ಮಲದಿಂದ ತಯಾರಿಸಿದ ದ್ರಾವಣವನ್ನು ಇಂಥ 16 ರೋಗಿಗಳ ಕರುಳಿಗೆ ಬಿಟ್ಟಾಗ 13 ಮಂದಿ ಮೊದಲ ಸಲಕ್ಕೇ ಗುಣವಾದರು. ಮಾತ್ರೆಯಷ್ಟೇ ತೆಗೆದುಕೊಂಡ 13 ಮಂದಿಯಲ್ಲಿ ಗುಣವಾದವರು ನಾಲ್ವರು. ಕೇಳಲು ಹೇಸಿಗೆ ಅನ್ನಿಸಿದರೂ ಇದು ಮೆಚ್ನಿಕಾಫ್ ಅವರ ಯೋಚನೆಯ ನೇರ ಮುಂದುವರಿಕೆ.

ನಮ್ಮ ದೇಶದ ಉದಾಹರಣೆ ಇನ್ನೂ ಮುಖ್ಯ. ಒಡಿಶಾದ ಹಳ್ಳಿಗಳಲ್ಲಿ 4,556 ನವಜಾತ ಶಿಶುಗಳ ಮೇಲೆ ನಡೆದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಶಿಶುಗಳಿಗೆ ಏಳು ದಿನ ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಮ್ ಎಂಬ ಬ್ಯಾಕ್ಟೀರಿಯಾವನ್ನು ಅದರ ಆಹಾರವಾದ ಒಂದು ಬಗೆಯ ಸಕ್ಕರೆಯೊಂದಿಗೆ ಕುಡಿಸಲಾಯಿತು. ಅವರಲ್ಲಿ ರಕ್ತದ ಸೋಂಕು ಅಥವಾ ಸಾವಿನ ಪ್ರಮಾಣ ಉಳಿದವರಿಗಿಂತ ಶೇ. 40ರಷ್ಟು ಕಡಿಮೆಯಾಯಿತು.

ಹಾಗೆಂದು ಅಂಗಡಿಯ ಪ್ರೋಬಯಾಟಿಕ್ ಬಾಟಲಿಯೆಲ್ಲ ಅಮೃತವಲ್ಲ. ಯಾವ ತಳಿ, ಎಷ್ಟು ಪ್ರಮಾಣ, ಯಾವ ತೊಂದರೆಗೆ ಎಂಬುದರ ಮೇಲೆ ಫಲ ನಿಂತಿದೆ. 2018ರಲ್ಲಿ ಇಸ್ರೇಲ್‌ನ ವೈಜ್‌ಮನ್ ಸಂಸ್ಥೆ ನಡೆಸಿದ ಸಣ್ಣ ಅಧ್ಯಯನದಲ್ಲಿ, ಆ್ಯಂಟಿಬಯೋಟಿಕ್ ಬಳಿಕ ಪ್ರೋಬಯಾಟಿಕ್ ಮಾತ್ರೆ ತಿಂದವರ ಕರುಳಿಗೆ ಅವರದೇ ಹಳೆಯ ಬ್ಯಾಕ್ಟೀರಿಯಾಗಳು ಮರಳಲು ಹೆಚ್ಚು ಕಾಲ ಹಿಡಿಯಿತು. 2021ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಅಧ್ಯಯನವೊಂದು ಬೇರೊಂದು ದಿಕ್ಕು ತೋರಿಸಿತು. ಹತ್ತು ವಾರ ಮೊಸರಿನಂಥ ಹುದುಗಿಸಿದ ಆಹಾರವನ್ನು ಹೆಚ್ಚಾಗಿ ತಿಂದವರ ಕರುಳಿನಲ್ಲಿ ಬ್ಯಾಕ್ಟೀರಿಯಾಗಳ ವೈವಿಧ್ಯ ಹೆಚ್ಚಿತ್ತು.

ನಮ್ಮ ತಟ್ಟೆಗೆ ಬಂದರೆ

ಗೆಳೆಯ ಗುಣವಾದದ್ದು ಅಜ್ಜಿಯ ಮಜ್ಜಿಗೆಯಿಂದಲೇ ಎಂದು ನಾನು ಹೇಳಲಾರೆ. ವೈದ್ಯರ ಔಷಧ, ಓಆರ್‌ಎಸ್ ನೀರು, ಹೊತ್ತು ಹೊತ್ತಿಗೆ ಊಟ, ನಿದ್ದೆ ಎಲ್ಲವೂ ಸೇರಿದ್ದವು. ಆದರೆ ಕರಾವಳಿಯ ಅಡುಗೆಮನೆಯನ್ನು ಈಗ ನಾನು ಬೇರೆ ಕಣ್ಣಿನಿಂದ ನೋಡುತ್ತೇನೆ. ಮನೆಯಲ್ಲಿ ಹೆಪ್ಪು ಹಾಕಿದ ಮೊಸರು, ಮಜ್ಜಿಗೆ, ತಂಬುಳಿಯಲ್ಲಿ ಜೀವಂತ ಬ್ಯಾಕ್ಟೀರಿಯಾಗಳಿವೆ. ಇಡ್ಲಿ, ಮೂಡೆಯ ಹಿಟ್ಟನ್ನು ಹುಳಿ ಬರಿಸುವುದೂ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳೇ. ಆದರೆ ಹಬೆಯಲ್ಲಿ ಬೆಂದಾಗ ಅವು ಸಾಯುತ್ತವೆ. ಹಾಗಾಗಿ ಇಡ್ಲಿ ಹಗುರವಾದ ಒಳ್ಳೆಯ ತಿಂಡಿಯೇ ಹೊರತು ಪ್ರೋಬಯಾಟಿಕ್ ಅಲ್ಲ. ಬಸಳೆ, ಹರಿವೆ, ಅಲಸಂಡೆ, ಹುರುಳಿಯ ನಾರು ಮಿತ್ರರಿಗೆ ಊಟ. ಪಿ.ಜಿ. ಊಟ ಮತ್ತು ರಾತ್ರಿಯ ಕರಿದ ತಿಂಡಿಯ ನಡುವೆ ಓದುವ ನಮ್ಮ ತಟ್ಟೆಯಿಂದ ಮೊದಲು ಮಾಯವಾಗುವುದೂ ಇವೇ. ಒಂದು ಲೋಟ ಮಜ್ಜಿಗೆ, ಒಂದು ಸೌಟು ಪಲ್ಯ, ದುಬಾರಿಯೇನಲ್ಲ. ಆ್ಯಂಟಿಬಯೋಟಿಕ್ ಮಾತ್ರ ವೈದ್ಯರು ಬರೆದುಕೊಟ್ಟಾಗ, ಅವರು ಹೇಳಿದಷ್ಟು ದಿನ. ಭೇದಿ ನಿಲ್ಲದಿದ್ದರೆ ಮಜ್ಜಿಗೆ ನಂಬಿ ಕೂರದೆ ವೈದ್ಯರ ಬಳಿ ಹೋಗಬೇಕು.

ಮೆಚ್ನಿಕಾಫ್ 1907ರಲ್ಲಿ, ಅರವತ್ತು ದಾಟಿದ ಮೇಲೆ ಬರೆದ ಪುಸ್ತಕದ ಫ್ರೆಂಚ್ ಹೆಸರಿನ ಅರ್ಥ ಆಶಾವಾದಿ ಪ್ರಬಂಧಗಳು. ಹರೆಯದಲ್ಲಿ ಎರಡು ಸಲ ಬದುಕು ಬೇಡವೆಂದ ಮನುಷ್ಯ, ಬದುಕನ್ನು ಇನ್ನಷ್ಟು ಉದ್ದ ಮಾಡುವುದು ಹೇಗೆ ಎಂದು ಆ ಪುಸ್ತಕದಲ್ಲಿ ಯೋಚಿಸಿದ. ಅವರ ಉತ್ತರಗಳಲ್ಲಿ ಅರ್ಧ ತಪ್ಪಾಗಿದ್ದವು. ಪ್ರಶ್ನೆ ಮಾತ್ರ ಗಟ್ಟಿಯಾಗಿತ್ತು. ಇಂದು ಜಗತ್ತಿನಾದ್ಯಂತ ಸಾವಿರಾರು ಯುವ ಸಂಶೋಧಕರಿಗೆ ಕೆಲಸ ಕೊಟ್ಟಿರುವುದು ಆ ಪ್ರಶ್ನೆಯೇ.

ಅವರ ಚಿತಾಭಸ್ಮದ ಪಾತ್ರೆಯನ್ನು ಪಾಶ್ಚರ್ ಸಂಸ್ಥೆಯ ಗ್ರಂಥಾಲಯದಲ್ಲಿ ಇರಿಸಿದ್ದಾರೆ. ಸ್ಮಶಾನದಲ್ಲಲ್ಲ, ಓದುವವರ ನಡುವೆ.